008 ಬರೆದರೆ 0 ಓದಿದ ಸರ್ವೀಸ್: ಒಂದು ಇನ್‌ಸ್ಟಾಲರ್ ಪ್ರಕರಣ

ನನ್ನ ಹತ್ತಿರ ಬಂದಾಗ ದೂರು ಹೀಗಿತ್ತು. ಘಟಕಗಳ ರೀಡಿಂಗ್‌ಗಳನ್ನು ಕೇಂದ್ರ ಸರ್ವರ್‌ಗೆ ಕಳಿಸುವ ಸರ್ವೀಸ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿನ) ಹೊಸ ಆವೃತ್ತಿ ಹಾಕಿದ ಮೇಲೆ 21ರಿಂದ 24ರವರೆಗಿನ ಘಟಕಗಳಿಂದ ಏನೂ ಬರುತ್ತಿಲ್ಲ. 9ನೇ ಘಟಕದವರು ತಮ್ಮ ಹೆಸರಿನಲ್ಲಿ ಕಾಣುವ ರೀಡಿಂಗ್ ತಮ್ಮದಲ್ಲವೇ ಅಲ್ಲ ಅನ್ನುತ್ತಿದ್ದಾರೆ. 1ನೇ ಘಟಕದ ದಾಖಲೆ ಮಾಮೂಲಿಗಿಂತ ಮೂರು ಪಟ್ಟು ಇದೆ. 2ರಿಂದ 7ರವರೆಗೆ ಎಲ್ಲ ಸರಿ. 25ರಿಂದ ಆಚೆಗೂ ಎಲ್ಲ ಸರಿ.

ಇಷ್ಟು ವಿಚಿತ್ರವಾದ ಲಕ್ಷಣಗಳಿದ್ದರೆ ಒಂದು ರೀತಿಯಲ್ಲಿ ಒಳ್ಳೆಯದೇ. ನೆಟ್‌ವರ್ಕ್ ಹಾಳಾದರೆ ಹೀಗೆ ಲೆಕ್ಕ ಹಾಕಿದಂತೆ ಹಾಳಾಗುವುದಿಲ್ಲ. ಆದರೂ ಮೊದಲು ನೆಟ್‌ವರ್ಕನ್ನೇ ನೋಡಿದ್ದರು. ಆಮೇಲೆ ಸರ್ವರ್, ಆಮೇಲೆ ಡೇಟಾಬೇಸ್. ಇನ್‌ಸ್ಟಾಲರ್ ಕಡೆಗೆ ಯಾರೂ ತಿರುಗಿ ನೋಡಿರಲಿಲ್ಲ, ಯಾಕೆಂದರೆ ಹೊಸ ಆವೃತ್ತಿಯಲ್ಲಿ ಅದರ ಸ್ಕ್ರಿಪ್ಟಿನ ಒಂದು ಸಾಲೂ ಬದಲಾಗಿರಲಿಲ್ಲ.

ವ್ಯವಸ್ಥೆ ಸರಳ. ಪ್ರತಿ ಘಟಕದಲ್ಲೂ ಒಂದು ವಿಂಡೋಸ್ ಯಂತ್ರ. ಅದರಲ್ಲಿ ಸಿ ಭಾಷೆಯಲ್ಲಿ ಬರೆದ ಒಂದು ಸರ್ವೀಸ್. ಅದು ಅಳತೆ ಯಂತ್ರದಿಂದ ರೀಡಿಂಗ್ ತೆಗೆದುಕೊಂಡು, ತನ್ನ ಘಟಕದ ಸಂಖ್ಯೆ ಸೇರಿಸಿ, ಕೇಂದ್ರ ಸರ್ವರ್‌ಗೆ ಕಳಿಸುತ್ತದೆ. ಇನ್‌ಸ್ಟಾಲರ್ ಮಾಡಿದ್ದು ಇನ್ನೋ ಸೆಟಪ್ ಅನ್ನುವ ಇನ್‌ಸ್ಟಾಲರ್ ತಯಾರಿಸುವ ಸಾಧನದಲ್ಲಿ. ಅದು ಒಂದು ಪುಟದಲ್ಲಿ ಮೂರು ಸಂಖ್ಯೆ ಕೇಳುತ್ತದೆ: ಘಟಕದ ಸಂಖ್ಯೆ, ಪೋರ್ಟ್, ಟೈಮ್‌ಔಟ್. ಟೈಪ್ ಮಾಡಿದ್ದನ್ನು ಒಂದು ಐಎನ್‌ಐ ಫೈಲಿಗೆ, ಅಂದರೆ ಸೆಟ್ಟಿಂಗ್‌ಗಳನ್ನಿಡುವ ಸರಳ ಪಠ್ಯದ ಫೈಲಿಗೆ, ಬರೆಯುತ್ತದೆ. ಸರ್ವೀಸ್ ಶುರುವಾದಾಗ ಅದೇ ಫೈಲನ್ನು ಓದಿಕೊಳ್ಳುತ್ತದೆ.

ಸುಳಿವು ಸಿಕ್ಕಿದ್ದು 25ರ ಆಚೆಯ ಘಟಕಗಳಿಂದ. ಅವು ಯಾಕೆ ಸರಿ ಇವೆ? ಕೇಳಿದಾಗ ಗೊತ್ತಾಯಿತು, ಅವನ್ನು ಯಾರೂ ಕೈಯಲ್ಲಿ ಕೂತು ಇನ್‌ಸ್ಟಾಲ್ ಮಾಡಿರಲಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಯಂತ್ರಗಳ ಪಟ್ಟಿ ಮಾಡಿ, ಕಮಾಂಡ್ ಲೈನ್‌ನಲ್ಲಿ ಸಂಖ್ಯೆ ಕೊಟ್ಟು, ಯಾವ ಪುಟವನ್ನೂ ತೋರಿಸದ ಸೈಲೆಂಟ್ ಇನ್‌ಸ್ಟಾಲ್ ಓಡಿಸಿದ್ದರು. 1ರಿಂದ 24ರವರೆಗಿನವು ಮಾತ್ರ ವಿಜಾರ್ಡ್ ಪುಟದಲ್ಲಿ, ಅಂದರೆ ಇನ್‌ಸ್ಟಾಲರ್ ಪ್ರಶ್ನೆ ಕೇಳುವ ಆ ಪುಟದಲ್ಲಿ, ಟೈಪ್ ಮಾಡಿದವು. ಎರಡೂ ಕಡೆಯ ಫೈಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. 9ನೇ ಘಟಕದ ಫೈಲ್:

[ಘಟಕ]
ಸಂಖ್ಯೆ=009
ಪೋರ್ಟ್=8080
ಟೈಮ್‌ಔಟ್=30

31ನೇ ಘಟಕದ ಫೈಲಿನಲ್ಲಿ ಆ ಸಾಲು ಬರೀ ಹೀಗಿತ್ತು:

ಸಂಖ್ಯೆ=31

ಅಳತೆ ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿ 009 ಅಂತಲೇ ಅಚ್ಚಾಗಿದೆ. ಮುಂದೆ ಕೂತವರು ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡಿದ್ದಾರೆ, ಅವರದೇನೂ ತಪ್ಪಿಲ್ಲ. ಸ್ಪ್ರೆಡ್‌ಶೀಟ್ ಮಾತ್ರ ತನ್ನ ಹಳೇ ಚಾಳಿಯಂತೆ ಮುಂದಿನ ಸೊನ್ನೆಗಳನ್ನು ನುಂಗಿಹಾಕಿತ್ತು. ಎಲ್ಲರೂ ಬೈಯುವ ಆ ಚಾಳಿ ಇಲ್ಲಿ ಉಪಕಾರವನ್ನೇ ಮಾಡಿತ್ತು.

ಇಷ್ಟು ಕಂಡ ಮೇಲೆ ಸರ್ವೀಸ್‌ನ ಕೋಡ್ ತೆರೆದೆ. ಹಳೇ ಆವೃತ್ತಿ ಸಂಖ್ಯೆ ಓದಲು ಸಿ ಭಾಷೆಯ ಎಟಾಯ್ ಅನ್ನುವ ಫಂಕ್ಷನ್ ಬಳಸುತ್ತಿತ್ತು. ಅದು ಯಾವಾಗಲೂ ದಶಮಾನದಲ್ಲೇ ಓದುತ್ತದೆ, 009 ಅಂದರೆ ಅದಕ್ಕೆ 9. ಹೊಸ ಆವೃತ್ತಿಗೆ ಕೆಲವು ಫ್ಲ್ಯಾಗ್‌ಗಳು, ಅಂದರೆ ಆನ್-ಆಫ್ ಸೆಟ್ಟಿಂಗ್‌ಗಳು, ಬೇಕಾಗಿ ಬಂದವು. ಅವನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ಬರೆಯುವ ಅನುಕೂಲ ಇರಲಿ ಅಂತ ಓದುವ ಫಂಕ್ಷನ್ ಬದಲಾಯಿಸಿ ಸ್ಟ್ರ್‌ಟೋಲ್ ಹಾಕಿದ್ದರು. ಸ್ಟ್ರ್‌ಟೋಲ್‌ಗೆ ಮೂರನೆಯ ಆರ್ಗ್ಯುಮೆಂಟ್ ಆಗಿ ಆಧಾರ ಸಂಖ್ಯೆ, ಅಂದರೆ ಬೇಸ್, ಕೊಡಬೇಕು. ಅಲ್ಲಿ 0 ಕೊಟ್ಟಿದ್ದರು. 0 ಕೊಟ್ಟರೆ 'ನೀನೇ ನೋಡಿ ತೀರ್ಮಾನ ಮಾಡು' ಅಂತ. ಸೊನ್ನೆಯ ಜೊತೆ ಎಕ್ಸ್ ಅಕ್ಷರ ಇದ್ದರೆ ಅದು ಹೆಕ್ಸ್ ಅಂದುಕೊಳ್ಳುತ್ತದೆ. ಬರೀ ಸೊನ್ನೆಯಿಂದ ಶುರುವಾದರೆ ಆಕ್ಟಲ್, ಅಂದರೆ ಎಂಟರ ಲೆಕ್ಕ. ಮಿಕ್ಕಿದ್ದೆಲ್ಲ ದಶಮಾನ.

ಈಗ ಎಂಟರ ಲೆಕ್ಕದಲ್ಲಿ ಆ ಇಪ್ಪತ್ನಾಲ್ಕು ಘಟಕಗಳನ್ನು ಓದಿ ನೋಡಿ. 001ರಿಂದ 007ರವರೆಗೆ ಏನೂ ಬದಲಾಗುವುದಿಲ್ಲ. 008ರಲ್ಲಿ 8 ಅನ್ನುವ ಅಂಕಿ ಆಕ್ಟಲ್‌ನಲ್ಲಿ ಇಲ್ಲವೇ ಇಲ್ಲ. ಸ್ಟ್ರ್‌ಟೋಲ್ ಅಲ್ಲಿಗೆ ನಿಂತುಬಿಡುತ್ತದೆ, ಅದುವರೆಗೆ ಓದಿದ ಸೊನ್ನೆಯನ್ನು ಕೊಡುತ್ತದೆ. 009ಕ್ಕೂ ಅದೇ ಗತಿ. 010 ಅಂದರೆ 8, 011 ಅಂದರೆ 9, ಹೀಗೇ 017ರ ತನಕ ಎರಡೆರಡು ಕಡಿಮೆ. 018ಕ್ಕೆ ಬಂದಾಗ 01 ಓದಿ, 8 ಕಂಡು ನಿಲ್ಲುತ್ತದೆ, ಉತ್ತರ 1. 019 ಕೂಡ 1. 020 ಅಂದರೆ 16, 024 ಅಂದರೆ 20.

ದೂರಿನ ಒಂದೊಂದು ತುಂಡೂ ಜಾಗಕ್ಕೆ ಬಂದು ಕೂತಿತು. 1, 18, 19 ಮೂರೂ ಘಟಕಗಳು 1ರ ಹೆಸರಿನಲ್ಲೇ ಕಳಿಸುತ್ತಿದ್ದವು, ಅದಕ್ಕೇ ಮೂರು ಪಟ್ಟು. 21ರಿಂದ 24ರ ಜಾಗ ಖಾಲಿ, ಯಾಕೆಂದರೆ ಆ ಸಂಖ್ಯೆ ಹೇಳಿಕೊಳ್ಳುವವರೇ ಇರಲಿಲ್ಲ. 9ರವರು ನೋಡುತ್ತಿದ್ದದ್ದು 11ರ ರೀಡಿಂಗ್. 8 ಮತ್ತು 9 ನಿಜವಾಗಿ ಹೋಗಿ ಸೇರಿದ್ದು 0ಯ ಗುಂಪಿಗೆ. ಸರ್ವರ್‌ನಲ್ಲಿ 0 ಅಂದರೆ 'ಘಟಕ ಇನ್ನೂ ನಿಗದಿಯಾಗಿಲ್ಲ' ಅಂತ ಅರ್ಥ, ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಎಲ್ಲೂ ಒಂದು ಎರರ್ ಮೆಸೇಜ್ ಇಲ್ಲ. ಎಲ್ಲ ಘಟಕಗಳೂ ಒಳ್ಳೇ ಹುಡುಗರ ಹಾಗೆ ಕೆಲಸ ಮಾಡುತ್ತಿದ್ದವು.

ಇದರಲ್ಲಿ ಯಾರ ಪಾಲು ಎಷ್ಟು ಅನ್ನುವುದರ ಮೇಲೆ ಸ್ವಲ್ಪ ಜಗ್ಗಾಟ ನಡೆಯಿತು. ಸರ್ವೀಸ್ ಬರೆದವರ ವಾದ: ಸಂಖ್ಯೆ ಬರೆಯಬೇಕಾದ ಕಡೆ ಇನ್‌ಸ್ಟಾಲರ್ ಏನೇನೋ ಬರೆದಿದೆ. ಇನ್‌ಸ್ಟಾಲರ್ ನೋಡಿಕೊಳ್ಳುವವರ ವಾದ: ನಮ್ಮ ಸ್ಕ್ರಿಪ್ಟ್ ಮುಟ್ಟಿಲ್ಲ, ನಿನ್ನೆಯವರೆಗೆ ನಡೆಯುತ್ತಿತ್ತು, ಕೆಟ್ಟಿದ್ದು ನಿಮ್ಮ ಬದಲಾವಣೆಯಿಂದ. ಎರಡೂ ನಿಜವೇ. ಬೇಸ್ 0 ಕೊಟ್ಟದ್ದು ಮತ್ತು ಸ್ಟ್ರ್‌ಟೋಲ್ ಎಲ್ಲಿ ನಿಂತಿತು ಅಂತ ನೋಡದೇ ಇದ್ದದ್ದು ಸರ್ವೀಸ್‌ನ ತಪ್ಪು, ಅನುಮಾನವಿಲ್ಲ. ಆದರೆ ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇನ್‌ಸ್ಟಾಲರ್ ಕಡೆಯದು. ಕಾನ್ಫಿಗ್ ಫೈಲಿನಲ್ಲಿ ಸಂಖ್ಯೆ ಅನ್ನುವುದೇ ಇರುವುದಿಲ್ಲ, ಇರುವುದು ಬರೀ ಅಂಕಿಗಳ ಸಾಲು. ಓದುವವರು ಬದಲಾದರೆ ಅದರ ಬೆಲೆಯೂ ಬದಲಾಗಬಹುದು. ಮನುಷ್ಯ ಟೈಪ್ ಮಾಡಿದ್ದು ಸಂಖ್ಯೆಯಾಗಿ, ಯಾರು ಓದಿದರೂ ಒಂದೇ ಅರ್ಥ ಬರುವ ರೂಪದಲ್ಲಿ ಫೈಲಿಗೆ ಇಳಿಯಬೇಕಾದ ಜಾಗ ಇನ್‌ಸ್ಟಾಲರ್. ಅಲ್ಲಿ ಕೇಳಿದರೆ ಎದುರಿಗೆ ಉತ್ತರ ಕೊಡಲು ಒಬ್ಬರು ಕೂತಿರುತ್ತಾರೆ. ಸರ್ವೀಸ್ ಹಿನ್ನೆಲೆಯಲ್ಲಿ ಓಡುವಾಗ ಯಾರನ್ನು ಕೇಳುವುದು?

ವಿಂಡೋಸ್‌ನ ಐಎನ್‌ಐ ಫಂಕ್ಷನ್‌ಗಳನ್ನು ನೋಡಿದರೂ ಇದು ಗೊತ್ತಾಗುತ್ತದೆ. ಪೂರ್ಣಾಂಕ ಓದಲು ಗೆಟ್‌ಪ್ರೈವೇಟ್‌ಪ್ರೊಫೈಲ್‌ಇಂಟ್ ಅಂತ ಒಂದಿದೆ. ಬರೆಯಲು ಅದರ ಜೋಡಿ ಇಲ್ಲ! ಸಂಖ್ಯೆ ಬರೆಯುವುದಕ್ಕೂ ಪಠ್ಯ ಬರೆಯುವ ರೈಟ್‌ಪ್ರೈವೇಟ್‌ಪ್ರೊಫೈಲ್‌ಸ್ಟ್ರಿಂಗನ್ನೇ ಬಳಸಬೇಕು. ಇನ್ನೋ ಸೆಟಪ್‌ನ ಸೆಟ್‌ಇನಿಇಂಟ್ ಕೂಡ ಒಳಗೆ ಸಂಖ್ಯೆಯನ್ನು ಪಠ್ಯ ಮಾಡಿಯೇ ಬರೆಯುತ್ತದೆ. ಹಾಗಾದರೆ ಅದರಿಂದ ಉಪಯೋಗ ಏನು ಅಂದರೆ, ಅದಕ್ಕೆ ಪೂರ್ಣಾಂಕವನ್ನೇ ಕೊಡಬೇಕು. ಕೊಡಬೇಕಾದರೆ ಮೊದಲು ಪರಿವರ್ತನೆ ಮಾಡಲೇಬೇಕು. ಮುಂದಿನ ಸೊನ್ನೆ, ಖಾಲಿ ಜಾಗ ಎಲ್ಲ ಅಲ್ಲೇ ಉದುರಿಹೋಗುತ್ತವೆ.

ಈ ಸ್ಕ್ರಿಪ್ಟಿನಲ್ಲಿ ಪರಿವರ್ತನೆ ಇರಲಿಲ್ಲ. ಸ್ಕ್ರಿಪ್ಟಿನ ಐಎನ್‌ಐ ವಿಭಾಗದಲ್ಲಿ ಒಂದು ಸಾಲು ಬರೆದು, ಮೌಲ್ಯದ ಜಾಗದಲ್ಲಿ ಒಂದು ಕೋಡ್ ಫಂಕ್ಷನ್ ಕರೆದಿದ್ದರು. ಆ ಫಂಕ್ಷನ್ ಪುಟದ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಹಾಗೇ ಎತ್ತಿ ಕೊಡುತ್ತಿತ್ತು. ಆ ವಿಭಾಗದಲ್ಲಿ ಮೌಲ್ಯ ಕೊಡಲು ಸ್ಟ್ರಿಂಗ್ ಅನ್ನುವ ಪ್ಯಾರಾಮೀಟರ್ ಮಾತ್ರ ಇರುವುದು, ಸಂಖ್ಯೆಗೆ ಬೇರೆ ಜಾಗವಿಲ್ಲ.

ಸರಿ ಮಾಡಲು ಎರಡು ದಾರಿ ಇತ್ತು. ಇನ್‌ಸ್ಟಾಲ್ ಮುಗಿದ ಹಂತದಲ್ಲಿ ಕೋಡ್‌ನಿಂದಲೇ ಸೆಟ್‌ಇನಿಇಂಟ್ ಕರೆಯುವುದು ಒಂದು. ಐಎನ್‌ಐ ವಿಭಾಗವನ್ನು ಹಾಗೇ ಇಟ್ಟುಕೊಂಡು, ಆ ಕೋಡ್ ಫಂಕ್ಷನ್ ಮಾತ್ರ ಸಂಖ್ಯೆಯಾಗಿ ಪರಿವರ್ತಿಸಿ ಮತ್ತೆ ಪಠ್ಯ ಮಾಡಿ ಕೊಡುವುದು ಇನ್ನೊಂದು. ನಾವು ಎರಡನೆಯದನ್ನು ಹಿಡಿದೆವು. ಕೋಡ್‌ನಿಂದ ಬರೆದರೆ ಅನ್‌ಇನ್‌ಸ್ಟಾಲ್ ಮಾಡುವಾಗ ಆ ನಮೂದು ತೆಗೆಯುವ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಐಎನ್‌ಐ ವಿಭಾಗದಲ್ಲಿ ಅದಕ್ಕೆ ಒಂದು ಫ್ಲ್ಯಾಗ್ ಹಾಕಿದರೆ ಸಾಕು.

ಪರಿವರ್ತನೆಗೆ ಎಲ್ಲರೂ ಕೈ ಹಾಕುವುದು ಇನ್ನೋ ಸೆಟಪ್‌ನ ಸ್ಟ್ರ್‌ಟುಇಂಟ್‌ಡೆಫ್‌ಗೆ. ಪಠ್ಯ ಕೊಟ್ಟರೆ ಸಂಖ್ಯೆ ಕೊಡುತ್ತದೆ, ಆಗದಿದ್ದರೆ ನಾವು ಹೇಳಿದ ಡೀಫಾಲ್ಟ್ ಕೊಡುತ್ತದೆ. ಪ್ಯಾಸ್ಕಲ್ ಭಾಷೆಯ ವಂಶದ್ದಾದ್ದರಿಂದ ಅದಕ್ಕೆ ಮುಂದಿನ ಸೊನ್ನೆಯ ಗೊಡವೆ ಇಲ್ಲ, 008 ಅಂದರೆ 8. ಆದರೆ ಡಾಲರ್ ಚಿಹ್ನೆ ಮುಂದಿಟ್ಟರೆ ಅದನ್ನು ಹೆಕ್ಸ್ ಅಂತ ಓದುತ್ತದೆ. ಅಂದರೆ ಯಾರಾದರೂ ಕೈ ತಪ್ಪಿ $10 ಅಂತ ಒತ್ತಿದರೆ 16 ಆಗಿ ಒಳಗೆ ಹೋಗುತ್ತದೆ, ಸದ್ದಿಲ್ಲದೆ. ಆದ್ದರಿಂದ ಮೊದಲು ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸಿ, ಉಳಿದ ಪ್ರತಿ ಅಕ್ಷರವೂ 0ಯಿಂದ 9ರೊಳಗಿನ ಅಂಕಿಯೇ ಅಂತ ನೋಡುತ್ತೇವೆ. ಆಮೇಲೆ ಪರಿವರ್ತನೆ. ಆಮೇಲೆ ಮಿತಿ ನೋಡುವುದು. ಡೀಫಾಲ್ಟ್ ಆಗಿ -1 ಕೊಡುತ್ತೇವೆ, 0 ಅಲ್ಲ. ಇಲ್ಲಿ 0ಗೆ ಬೇರೆ ಅರ್ಥ ಇದೆ, ಅದರ ಪಾಡು ನೋಡಿಯಾಗಿದೆಯಲ್ಲ.

ಈ ಪರೀಕ್ಷೆ ಒಂದೇ ಫಂಕ್ಷನ್‌ನಲ್ಲಿ ಇರಬೇಕು ಅನ್ನುವುದರ ಮೇಲೆ ನಾನು ಹಟ ಹಿಡಿದೆ. ವಿಜಾರ್ಡ್‌ನ 'ಮುಂದೆ' ಬಟನ್ ಒತ್ತಿದಾಗಲೂ ಅದೇ, ಕಮಾಂಡ್ ಲೈನ್‌ನಿಂದ ಬಂದ ಮೌಲ್ಯಕ್ಕೂ ಅದೇ. ಇಲ್ಲದಿದ್ದರೆ ಸೈಲೆಂಟ್ ಇನ್‌ಸ್ಟಾಲ್‌ಗೆ ಒಂದು ನ್ಯಾಯ, ಕೂತು ಟೈಪ್ ಮಾಡಿದವರಿಗೆ ಒಂದು ನ್ಯಾಯ ಆಗುತ್ತದೆ. ಈ ಪ್ರಕರಣ ಹುಟ್ಟಿದ್ದೇ ಅಲ್ಲಿಂದ ಅಲ್ವಾ?

ಪೋರ್ಟ್ ವಿಷಯ ಬೇಗ ಮುಗಿಯಿತು. 1ರಿಂದ 65535ರ ಒಳಗೆ ಇರಬೇಕು. ಮಿತಿ ನೋಡದೇ ಬಿಟ್ಟರೆ ಏನಾಗುತ್ತದೆ ಅಂತ ಪ್ರಯೋಗಕ್ಕೆ 70000 ಬರೆದೆವು. ಸರ್ವೀಸ್ ಅದನ್ನು 16 ಬಿಟ್‌ನ ಜಾಗಕ್ಕೆ ತುರುಕಿ, 65536 ಕಳೆದು ಉಳಿದ 4464ರಲ್ಲಿ ಕಿವಿಗೊಟ್ಟು ಕೂತಿತು. ಇಲ್ಲೂ ಎರರ್ ಇಲ್ಲ. ಟೈಮ್‌ಔಟ್‌ನಲ್ಲಿ ಅಲ್ಪವಿರಾಮದ ತೊಂದರೆ ಇತ್ತು: 1,000 ಅಂತ ಬರೆದರೆ ಸ್ಟ್ರ್‌ಟೋಲ್ ಅಲ್ಪವಿರಾಮದ ಹತ್ತಿರ ನಿಂತು 1 ಅನ್ನುತ್ತದೆ. ಅಂಕಿ ಮಾತ್ರ ಬಿಡುವ ನಿಯಮದಿಂದ ಅದೂ ಬಿಗಿಯಾಯಿತು. ಜೊತೆಗೆ ಫೈಲಿನಲ್ಲಿ ಆ ಕೀಯ (= ಚಿಹ್ನೆಯ ಎಡಗಡೆಯ ಪದದ) ಹೆಸರನ್ನು 'ಟೈಮ್‌ಔಟ್_ಸೆಕೆಂಡ್' ಅಂತ ಬದಲಾಯಿಸಿದೆವು, ಯಾಕೆಂದರೆ ಬರೀ 30 ಅಂದರೆ ಸೆಕೆಂಡೋ ಮಿಲಿಸೆಕೆಂಡೋ ಅಂತ ಫೈಲ್ ನೋಡಿದವರಿಗೆ ತಿಳಿಯುವುದಿಲ್ಲ.

ನಿಜವಾಗಿ ತಲೆ ತಿಂದದ್ದು ಅಪ್‌ಗ್ರೇಡ್. ಹೊಸದಾಗಿ ಹಾಕುವ ಯಂತ್ರಗಳಿಗೆ ಇಷ್ಟು ಸಾಕು. ಆದರೆ 24 ಯಂತ್ರಗಳಲ್ಲಿ ಹಳೇ ಫೈಲ್ ಕೂತಿದೆ. ಸ್ಕ್ರಿಪ್ಟಿನ ಐಎನ್‌ಐ ಸಾಲಿಗೆ 'ಕೀ ಇಲ್ಲದಿದ್ದರೆ ಮಾತ್ರ ಬರೆ' ಅನ್ನುವ ಫ್ಲ್ಯಾಗ್ ಹಾಕಿದ್ದರು. ಗ್ರಾಹಕರು ಕೈಯಲ್ಲಿ ತಿದ್ದಿದ್ದು ಅಳಿಸಿಹೋಗಬಾರದು ಅಂತ, ಒಳ್ಳೇ ಉದ್ದೇಶವೇ. ಆದರೆ ಅದರಿಂದ ಹಳೇ 009 ಹಾಗೇ ಉಳಿಯುತ್ತದೆ. ಫ್ಲ್ಯಾಗ್ ತೆಗೆದರೆ ಪುಟದಲ್ಲಿ ಇದ್ದ ಡೀಫಾಲ್ಟ್ ಎಲ್ಲರ ಮೇಲೂ ಹರಿದು ಹೋಗುತ್ತದೆ.

ಹಾಗಾಗಿ ಅಪ್‌ಗ್ರೇಡ್‌ನಲ್ಲಿ ಹಳೇ ಮೌಲ್ಯ ಓದಿ, ಶುದ್ಧ ಮಾಡಿ, ಮತ್ತೆ ಬರೆಯುವುದು ಅಂತಾಯಿತು. ಓದಲು ಗೆಟ್‌ಇನಿಇಂಟ್ ಇದೆ. ಕನಿಷ್ಠ, ಗರಿಷ್ಠ ಎರಡನ್ನೂ ಅದಕ್ಕೇ ಕೊಡಬಹುದು, ಮಿತಿ ಮೀರಿದರೆ ಡೀಫಾಲ್ಟ್ ಕೊಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದು 010ನ್ನು 10 ಅಂತ ಓದುತ್ತದೆ. ಅದೇ ಫೈಲಿನ ಅದೇ ಸಾಲನ್ನು ಓಡುತ್ತಿರುವ ಸರ್ವೀಸ್ 8 ಅಂತ ಓದುತ್ತಿದೆ. ಯಾರದು ಸರಿ? ಚೀಟಿ ನೋಡಿ ಟೈಪ್ ಮಾಡಿದ್ದರೆ 10 ಸರಿ. ಆದರೆ ಎಲ್ಲರೂ ಚೀಟಿ ನೋಡಿ ಟೈಪ್ ಮಾಡಿರಲಿಲ್ಲ.

10ನೇ ಘಟಕದಲ್ಲಿ ಒಬ್ಬರು ಚುರುಕಿನವರು ಇದ್ದರು. ತಮ್ಮ ರೀಡಿಂಗ್ 8ರಲ್ಲಿ ಬರುತ್ತಿದೆ, ಎರಡು ಕಮ್ಮಿ ಬರುತ್ತಿದೆ ಅಂತ ಗಮನಿಸಿ, ಸಂಖ್ಯೆಯನ್ನು 012 ಅಂತ ತಿದ್ದಿಬಿಟ್ಟಿದ್ದರು. ಎಂಟರ ಲೆಕ್ಕದಲ್ಲಿ 012 ಅಂದರೆ 10, ಅವರಿಗೆ ಕೆಲಸ ಆಯಿತು. ಈಗ ನಾವು ಅದನ್ನು ಶುದ್ಧ ಮಾಡಿ 12 ಅಂತ ಬರೆದರೆ, ಸರಿ ಇದ್ದ ಘಟಕವನ್ನು ನಾವೇ ಕೆಡಿಸಿದಂತೆ. ಇತ್ತ 8ನೇ ಘಟಕದವರಿಗೆ ಫೋನಿನಲ್ಲಿ ಯಾರೋ 'ಸುಮ್ನೆ 8 ಅಂತ ಹಾಕಿ ನೋಡಿ' ಅಂದಿದ್ದರು. ಅದರಿಂದ ಅವರದು ಸರಿಹೋಯಿತು, ಕಾರಣ ಮಾತ್ರ ಯಾರೂ ಹುಡುಕಲಿಲ್ಲ. ಪಕ್ಕದ 10 ಇನ್ನೂ ತಿದ್ದದೇ ಇದ್ದ ಕಾಲದಲ್ಲಿ ಎರಡೂ ಸೇರಿ 8ರಲ್ಲಿ ಬರೆಯುತ್ತಿದ್ದವು.

ಇಲ್ಲಿ ಜಾಣತನದ ಕೋಡ್ ಬರೆಯಲು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಸ್ಕ್ರಿಪ್ಟಿಗೆ ಚೀಟಿ ಕಾಣುವುದಿಲ್ಲ. ಆದ್ದರಿಂದ ನಿಯಮ ಹೀಗೆ ಮಾಡಿದೆವು: ಹಳೇ ಮೌಲ್ಯವನ್ನು ಗೆಟ್‌ಇನಿಸ್ಟ್ರಿಂಗ್‌ನಿಂದ ಪಠ್ಯವಾಗಿಯೇ ಓದು. ಸೊನ್ನೆಯಿಂದ ಶುರುವಾಗದಿದ್ದರೆ, ಅಥವಾ ದಶಮಾನ ಮತ್ತು ಆಕ್ಟಲ್ ಎರಡರಲ್ಲೂ ಒಂದೇ ಉತ್ತರ ಬಂದರೆ (007ರ ಹಾಗೆ), ಸದ್ದಿಲ್ಲದೆ ಶುದ್ಧ ಮಾಡು. ಎರಡು ಉತ್ತರ ಬೇರೆಯಾದರೆ ಪುಟದಲ್ಲಿ ಎರಡನ್ನೂ ತೋರಿಸು: 'ಫೈಲಿನಲ್ಲಿ 012 ಇದೆ. ನಿಮ್ಮ ಯಂತ್ರದ ಚೀಟಿಯಲ್ಲಿರುವುದು 12 ಅಥವಾ 10, ಯಾವುದು?' ಸೈಲೆಂಟ್ ಅಪ್‌ಗ್ರೇಡ್ ಆದರೆ ಸಂಖ್ಯೆ ಕಮಾಂಡ್ ಲೈನ್‌ನಲ್ಲಿ ಬಂದಿರಲೇಬೇಕು, ಇಲ್ಲದಿದ್ದರೆ ಲಾಗ್‌ನಲ್ಲಿ ಕಾರಣ ಬರೆದು ನಿಲ್ಲು.

ಒಂದು ಯಂತ್ರದಲ್ಲಿ ಇಷ್ಟು ಮಾಡಿದರೂ ಸರ್ವೀಸ್ ಹಳೇ ಸಂಖ್ಯೆಯನ್ನೇ ಓದುತ್ತಿತ್ತು. ಫೈಲ್ ತೆರೆದರೆ ಮೇಲೊಂದು, ಕೆಳಗೊಂದು, [ಘಟಕ] ಅನ್ನುವ ವಿಭಾಗ ಎರಡು ಸಲ ಇತ್ತು. ಯಾರೋ ಅದನ್ನು ಹಳೇ ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಉಳಿಸಿದ್ದರು. ಆ ನೋಟ್‌ಪ್ಯಾಡ್ ಫೈಲಿನ ಶುರುವಿನಲ್ಲೇ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಬಾಮ್ ಗುರುತು ಸೇರಿಸುತ್ತದೆ. (2019ರ ವಿಂಡೋಸ್ 10 ಆವೃತ್ತಿ 1903ರಿಂದ ಡೀಫಾಲ್ಟ್ ಆಗಿ ಬಾಮ್ ಇಲ್ಲ.) ವಿಂಡೋಸ್‌ನ ಐಎನ್‌ಐ ಫಂಕ್ಷನ್‌ಗೆ ಆಗ ಮೊದಲ ಸಾಲು ವಿಭಾಗ ಅಂತ ತಿಳಿಯುವುದಿಲ್ಲ, ಕೆಳಗೆ ಹೊಸದೊಂದು ಮಾಡಿ ಬರೆಯುತ್ತದೆ. ಸರ್ವೀಸ್‌ನ ಸ್ವಂತ ಪಾರ್ಸರ್ (ಫೈಲ್ ಓದುವ ಕೋಡ್) ಬಾಮ್ ದಾಟಿ ಮೇಲಿನದನ್ನೇ ಹಿಡಿಯುತ್ತದೆ. ಪರಿಹಾರ ಚಿಕ್ಕದು: ಫೈಲಿನ ಮೊದಲ ಸಾಲಿಗೆ ಅರ್ಧವಿರಾಮದಿಂದ ಶುರುವಾಗುವ ಒಂದು ಕಾಮೆಂಟ್ ಇಟ್ಟೆವು. ಬಾಮ್ ಬಂದರೂ ಕೆಡುವುದು ಕಾಮೆಂಟ್ ಸಾಲು ಮಾತ್ರ.

ಲಿನಕ್ಸ್‌ನಲ್ಲಿ ಇದೇ ಸರ್ವೀಸ್‌ಗೆ ಪೈಥಾನ್‌ನಲ್ಲಿ ಬರೆದ ಬೇರೆ ಇನ್‌ಸ್ಟಾಲರ್ ಇದೆ. ಅದನ್ನೂ ತೆರೆದು ನೋಡಿದೆವು, ನೋಡಿದ್ದು ಒಳ್ಳೆಯದಾಯಿತು. ಅದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯ ಹುಡುಕಲು ಬರೆಯುವ ಮಾದರಿಯಿಂದ) ಸಾಲು ಹುಡುಕಿ, 'ಪೋರ್ಟ್=' ಭಾಗವನ್ನು ಮೊದಲ ಗುಂಪಾಗಿ ಹಿಡಿದು, ಬದಲಿ ಪಠ್ಯದಲ್ಲಿ \1, ಅಂದರೆ ಆ ಮೊದಲ ಗುಂಪು, ಅಂತ ಬರೆದು ಅದರ ಬೆನ್ನಿಗೇ ಸಂಖ್ಯೆ ಅಂಟಿಸುತ್ತಿತ್ತು. 8080 ಕೊಟ್ಟರೆ ಅದು \18080 ಆಗುತ್ತದೆ. ಪೈಥಾನ್ ಅದನ್ನು 18ನೇ ಗುಂಪು ಅಂತ ಓದಿ, ಅಂಥ ಗುಂಪಿಲ್ಲ ಅಂತ ಎರರ್ ಕೊಡುತ್ತದೆ. ಇದಾದರೂ ವಾಸಿ. 5000 ಕೊಟ್ಟರೆ \15000. ಇಲ್ಲಿ 1, 5, 0 ಮೂರೂ ಆಕ್ಟಲ್ ಅಂಕಿಗಳು. ಪೈಥಾನ್ \150ನ್ನು ಒಂದು ಅಕ್ಷರದ ಆಕ್ಟಲ್ ಸಂಕೇತ ಅಂತ ತಿಳಿದು, ಇಂಗ್ಲಿಷ್‌ನ ಸಣ್ಣ ಎಚ್ ಅಕ್ಷರ ಬರೆದು, ಪಕ್ಕದಲ್ಲಿ 00 ಇಡುತ್ತದೆ. 'ಪೋರ್ಟ್=' ಅನ್ನುವುದೇ ಮಾಯ. ಎರರ್ ಇಲ್ಲ! ಗುಂಪಿನ ಸಂಖ್ಯೆಯನ್ನು ಜಿ ಅಕ್ಷರ ಮತ್ತು ಕೋನದ ಆವರಣದಲ್ಲಿ ಬರೆಯುವ ರೂಪ ಬಳಸಿದರೆ ಈ ಗೊಂದಲ ಇಲ್ಲ. ಇನ್ನೂ ಒಳ್ಳೆಯದು, ಬದಲಿ ಪಠ್ಯದ ಜಾಗದಲ್ಲಿ ಒಂದು ಫಂಕ್ಷನ್ ಕೊಡುವುದು.

ಇನ್‌ಸ್ಟಾಲರ್ ಮಾಡುವ ಇನ್ನೊಂದು ಸಾಧನ ಎನ್‌ಎಸ್‌ಐಎಸ್ ಬಳಸುವವರಿಗೆ ಒಂದು ಮಾತು. ಅಲ್ಲಿ ವೇರಿಯೇಬಲ್ ಎಲ್ಲವೂ ಪಠ್ಯವೇ. 0 ಕೂಡಿಸಿದರೆ ಸಂಖ್ಯೆ ಶುದ್ಧವಾಗುತ್ತದೆ ಅಂತ ಅದರ ಲೆಕ್ಕದ ಆದೇಶ ಇಂಟ್‌ಆಪ್ ಹಾಕಿದರೆ, ಅದೂ ಮುಂದಿನ ಸೊನ್ನೆಯನ್ನು ಆಕ್ಟಲ್ ಅಂತಲೇ ಓದುತ್ತದೆ. ಮೊದಲು ಸೊನ್ನೆಗಳನ್ನು ಕತ್ತರಿಸಬೇಕು. ಲಿನಕ್ಸ್‌ನ ಕಮಾಂಡ್ ಶೆಲ್ ಆದ ಬ್ಯಾಶ್‌ನ ಲೆಕ್ಕದಲ್ಲಿ 08 ಹಾಕಿದರೆ ಎರರ್, 010 ಹಾಕಿದರೆ 8. ಅಲ್ಲಿ ಮುಂದೆ 10# ಸೇರಿಸಿದರೆ ದಶಮಾನದಲ್ಲಿ ಓದುತ್ತದೆ. ಕಾನ್ಫಿಗ್ ಫೈಲ್ ಬರೆಯುವ ರೂಪಗಳಲ್ಲಿ ಯಾಮಲ್ 1.1 ಪ್ರಕಾರ 010 ಅಂದರೆ 8, 1.2 ಪ್ರಕಾರ 10. ಯಾವ ಲೈಬ್ರರಿ ಯಾವುದನ್ನು ಪಾಲಿಸುತ್ತದೆ ಅನ್ನುವುದು ಅದರದರ ಮರ್ಜಿ. ಜೇಸನ್ ಮತ್ತು ಟಾಮಲ್ ಎರಡರಲ್ಲೂ ಮುಂದಿನ ಸೊನ್ನೆಗೆ ಅವಕಾಶವೇ ಇಲ್ಲ. ನನಗೆ ಕೇಳಿದರೆ ಇದೇ ಸರಿಯಾದ ದಾರಿ.

ಸರ್ವೀಸ್ ಕಡೆಯಲ್ಲೂ ತಿದ್ದುಪಡಿ ಆಯಿತು. ಘಟಕ, ಪೋರ್ಟ್, ಟೈಮ್‌ಔಟ್ ಮೂರಕ್ಕೂ ಬೇಸ್ 10, ಹೆಕ್ಸ್ ಬೇಕಾದ ಫ್ಲ್ಯಾಗ್‌ಗಳಿಗೆ ಬೇರೆ ಫಂಕ್ಷನ್. ಸ್ಟ್ರ್‌ಟೋಲ್ ನಿಂತ ಜಾಗ ಸಾಲಿನ ಕೊನೆಯೇ ಅಂತ ನೋಡುವುದು. ಮಿತಿ ಮೀರಿದರೆ ಅದು ವಿಂಡೋಸ್‌ನಲ್ಲಿ 2147483647 ಕೊಟ್ಟು ಎರರ್ ಸಂಖ್ಯೆಯನ್ನು ಬೇರೆ ಕಡೆ ಇಡುತ್ತದೆ, ಅದನ್ನೂ ನೋಡುವುದು. ತಪ್ಪು ಕಂಡರೆ ಏನು ಮಾಡಬೇಕು ಅನ್ನುವುದಕ್ಕೆ ಒಂದೇ ನಿಯಮ ಇಡಲಿಲ್ಲ. ಟೈಮ್‌ಔಟ್ ತಪ್ಪಿದ್ದರೆ ಡೀಫಾಲ್ಟ್ ಹಿಡಿದು, ಲಾಗ್‌ನಲ್ಲಿ ಎಚ್ಚರಿಕೆ ಬರೆದು ಮುಂದೆ ಹೋಗಲಿ. ಘಟಕದ ಸಂಖ್ಯೆ ತಪ್ಪಿದ್ದರೆ ಶುರುವಾಗಲೇಬಾರದು. ಬೇರೆಯವರ ಹೆಸರಿನಲ್ಲಿ ರೀಡಿಂಗ್ ಕಳಿಸುವುದಕ್ಕಿಂತ ಏನೂ ಕಳಿಸದಿರುವುದು ಎಷ್ಟೋ ಮೇಲು.

ನನಗೆ ಹೆಚ್ಚು ಹಿಡಿಸಿದ್ದು ಕೊನೆಗೆ ಸೇರಿಸಿದ ಒಂದು ಸಣ್ಣ ಸೌಕರ್ಯ. ಸರ್ವೀಸ್‌ನ ಪ್ರೋಗ್ರಾಮಿಗೆ ಒಂದು ಪರೀಕ್ಷೆಯ ಸ್ವಿಚ್ ಕೊಟ್ಟರು. ಅದು ಫೈಲ್ ಓದಿ, ತನಗೆ ಅರ್ಥವಾದದ್ದನ್ನು ಹೇಳಿ ಮುಗಿಸುತ್ತದೆ. ಇನ್‌ಸ್ಟಾಲರ್ ಬರೆದಾದ ಮೇಲೆ ಅದನ್ನು ಓಡಿಸಿ, ಬಂದ ಸಂಖ್ಯೆಯನ್ನು ತಾನು ಬರೆದದ್ದರ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಅಲ್ಲೇ ಹೇಳುತ್ತದೆ. ಹೊಂದಿದರೆ ಕೊನೆಯ ಪುಟದಲ್ಲಿ 'ಘಟಕ ಸಂಖ್ಯೆ: 9' ಅಂತ ತೋರಿಸುತ್ತದೆ, ಚೀಟಿಯ ಜೊತೆ ತಾಳೆ ನೋಡಲು. ಪರೀಕ್ಷೆಗೆ ಆರಿಸಿದ ಸಂಖ್ಯೆಗಳು 7, 8, 9, 10, 18, ಸೊನ್ನೆ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ. ಹಿಂದೆ 1, 2, 3 ಹಾಕಿ ಪರೀಕ್ಷೆ ಮಾಡಿ ಸೈ ಅಂದಿದ್ದರು.

ಉಳಿದದ್ದು ಸರ್ವರ್‌ನಲ್ಲಿ ಆಗಲೇ ಕಲಸಿಹೋದ ದಾಖಲೆ. ಪ್ರತಿ ರೀಡಿಂಗ್ ಜೊತೆ ಕಳಿಸಿದ ಯಂತ್ರದ ಹೆಸರೂ ಲಾಗ್‌ನಲ್ಲಿ ಇತ್ತು. ಅದನ್ನು ಹಿಡಿದು 1ರ ಗುಂಪಿನಿಂದ 18 ಮತ್ತು 19ನ್ನು ಬಿಡಿಸಿದರು, 0ಯಿಂದ 8 ಮತ್ತು 9ನ್ನು ಎತ್ತಿದರು. ಬಿಡಿಸುವ ಕ್ರಮ ಮಾತ್ರ ಮುಖ್ಯ: 10ರ ದಾಖಲೆ 8ರಲ್ಲಿದೆ, 12ರದ್ದು 10ರಲ್ಲಿದೆ. ಒಂದೊಂದಾಗಿ ಅಪ್‌ಡೇಟ್ ಮಾಡುತ್ತಾ ಹೋದರೆ ಈಗ ತಾನೇ ಸರಿಮಾಡಿದ್ದನ್ನೇ ಮುಂದಿನ ಹೆಜ್ಜೆ ಮತ್ತೆ ಸಾಗಿಸಿಬಿಡುತ್ತದೆ. ಆದ್ದರಿಂದ ಹೊಸ ಸಂಖ್ಯೆಗೆ ಬೇರೆ ಕಾಲಂ ಮಾಡಿ, ಎಲ್ಲವನ್ನೂ ಯಂತ್ರದ ಹೆಸರಿನಿಂದ ತುಂಬಿ, ಆಮೇಲೆ ಒಂದೇ ಸಲ ಹಳೇ ಕಾಲಂ ಬದಲಿಸಿದರು.